ಶಾಸಕನ ಧೈರ್ಯವನ್ನು ಅಳೆಯುವ ಬಗೆ

ರಾಜಕಾರಣದಲ್ಲಿ ಧೈರ್ಯವೆಂದರೇನೆಂಬ ಪ್ರಶ್ನೆ ಎದ್ದಾಗಲೆಲ್ಲ ಅಮೆರಿಕದ ಶಾಸನಸಭೆಗಳ ಇತಿಹಾಸದಿಂದ ಆಯ್ದ ಕೆಲವು ದೃಷ್ಟಾಂತಗಳನ್ನು ಮುಂದಿಡುವುದು ನಮ್ಮ ವಿದ್ಯಾವಂತರಲ್ಲಿ ರೂಢಿಯಾಗಿದೆ. ಆ ರೂಢಿಗೆ ಬಹುಮಟ್ಟಿನ ಕಾರಣ, ಜಾನ್ ಕೆನಡಿಯವರು ಇನ್ನೂ ಸೆನೆಟ್ ಸದಸ್ಯರಾಗಿದ್ದಾಗ 1956ರಲ್ಲಿ ಪ್ರಕಟಿಸಿ, ಮರುವರ್ಷ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ಗ್ರಂಥ. ತನ್ನ ಪಕ್ಷವೂ ತನ್ನನ್ನು ಆರಿಸಿ ಕಳುಹಿಸಿದ ಜನವೂ ಒಂದು ಕಡೆಗೆ ನಿಂತಿರುವಾಗ, ಮುಂದಿನ ಚುನಾವಣೆಯ ಚಿಂತೆಯನ್ನು ಬದಿಗಿಟ್ಟು, ಅಂತಃಸಾಕ್ಷಿಯೊಂದನ್ನೇ ನೆಚ್ಚಿ ಇನ್ನೊಂದು ಕಡೆಗೆ ನಿಂತ ಎಂಟು ಮಂದಿ ಸೆನೆಟರುಗಳನ್ನು ಅವರು ಅಲ್ಲಿ ಚಿತ್ರಿಸಿದರು. ಏಕಾಕಿಯಾಗಿ ನಿಂತ ಮನುಷ್ಯನ ಆ ಚಿತ್ರಕ್ಕೆ ಒಂದು ಸೊಬಗಿದೆ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಆ ಅಳತೆಗೋಲು ಅಪೂರ್ಣವಾದುದೆಂಬುದೂ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಈ ಸೀಮೆಯವರಾದ ನಮಗೆ ಅದಕ್ಕಿಂತ ಪೂರ್ಣವಾದ ಅಳತೆಗೋಲೊಂದನ್ನು ನಮ್ಮ ನೆರೆಯ ಹಳ್ಳಿಯ ಮನುಷ್ಯನೊಬ್ಬನ ಬಾಳೇ ಒದಗಿಸಿದೆಯೆಂಬುದೂ ನನ್ನ ವಾದ.

ಕೆನಡಿಯವರು ಮೆಚ್ಚಿ ಬರೆದ ಎಂಟು ಮಂದಿಯಲ್ಲಿ ಕ್ಯಾನ್ಸಾಸಿನ ಎಡ್ಮಂಡ್ ರಾಸ್ ಒಬ್ಬನು. 1868ರ ಮೇ 16ರಂದು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ನನನ್ನು ಪದಚ್ಯುತಗೊಳಿಸಬೇಕೇ ಬೇಡವೇ ಎಂದು ಸೆನೆಟ್ಟು ಮತವೆಣಿಸಿದಾಗ, ಮೂವತ್ತೈದು ಮಂದಿ ಹೌದೆಂದರು, ಹತ್ತೊಂಬತ್ತು ಮಂದಿ ಅಲ್ಲವೆಂದರು. ಬೇಕಾಗಿದ್ದ ಮೂರನೆಯ ಎರಡು ಭಾಗದ ಬಹುಮತಕ್ಕೆ ಒಂದೇ ಒಂದು ಮತ ಕೊರತೆಯಾಯಿತು. ತನ್ನ ಪಕ್ಷದ ಒತ್ತಾಯಕ್ಕೆ ಮಣಿಯದೆ ಅಲ್ಲವೆಂದವರಲ್ಲಿ ರಾಸ್ ಪ್ರಸಿದ್ಧನಾದನು, ಮತ್ತೆ ಸೆನೆಟ್ಟಿಗೆ ಆರಿಸಿಬರಲಿಲ್ಲ. ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಧೈರ್ಯದ ಕಥೆಯೇ ಸರಿ. ಆದರೆ ರಾಸನ ಮತದಿಂದ ಉಳಿದುಕೊಂಡ ಜಾನ್ಸನ್ ಯಾರು? ದಾಸ್ಯದಿಂದ ಬಿಡುಗಡೆಹೊಂದಿದ ಕಪ್ಪು ಜನರಿಗೆ ದಕ್ಷಿಣದ ಕಡಲಂಚಿನಲ್ಲಿ ಕುಟುಂಬಕ್ಕೆ ನಲವತ್ತು ಎಕರೆಯಂತೆ ಸೇನಾಪತಿ ಷರ್ಮನ್ 1865ರ ಜನವರಿಯಲ್ಲಿ ಹಂಚಿಕೊಟ್ಟಿದ್ದ ಭೂಮಿಯನ್ನು, ಅದೇ ವರ್ಷ ಕ್ಷಮಾದಾನದ ಹೆಸರಿನಲ್ಲಿ ಹಳೆಯ ಜಮೀನುದಾರರಿಗೆ ಮರಳಿಸಿದ ಅಧ್ಯಕ್ಷನೇ ಅವನು. ಅವನ ವಿಚಾರಣೆಗೆ ಮುಂದಾಳಾದವರಲ್ಲಿ ಪೆನ್ಸಿಲ್ವೇನಿಯದ ಥ್ಯಾಡಿಯಸ್ ಸ್ಟೀವನ್ಸ್ ಮುಖ್ಯನು. ಬಂಡೆದ್ದ ದೊಡ್ಡ ಜಮೀನುದಾರರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡು, ಬಿಡುಗಡೆಹೊಂದಿದ ಪ್ರತಿಯೊಬ್ಬ ಗೃಹಸ್ಥನಿಗೂ ನಲವತ್ತು ಎಕರೆಯನ್ನು ಕೊಡಬೇಕೆಂದು 1865ರಲ್ಲಿಯೂ 1867ರಲ್ಲಿಯೂ ವಾದಿಸಿದ ಈ ವೃದ್ಧನ ಪ್ರಸ್ತಾವನೆಗೆ ಅವನ ಸ್ವಪಕ್ಷದವರೇ ಬೆಂಬಲವೀಯಲಿಲ್ಲ. 1868ರ ಆಗಸ್ಟಿನಲ್ಲಿ ಅವನು ತೀರಿಕೊಂಡಾಗ, ಅವನ ಇಚ್ಛೆಯಂತೆ, ವರ್ಣಭೇದವಿಲ್ಲದೆ ಎಲ್ಲರ ದೇಹಕ್ಕೂ ಎಡೆಕೊಡುತ್ತಿದ್ದ ಲ್ಯಾಂಕಾಸ್ಟರಿನ ಚಿಕ್ಕದೊಂದು ಶ್ಮಶಾನದಲ್ಲಿ ಅವನನ್ನು ಹೂಳಿದರು.

ಒಂಟಿತನವನ್ನೇ ಅಳತೆಗೋಲಾಗಿ ಹಿಡಿದರೆ ರಾಸನೂ ಧೀರನು, ಸ್ಟೀವನ್ಸನೂ ಧೀರನು; ಇಬ್ಬರ ನಡುವಣ ಅಂತರ ಆ ಕೋಲಿಗೆ ಕಾಣಿಸುವುದೇ ಇಲ್ಲ. ಮತವನ್ನು ಯಾರಿಗೆ ವಿರುದ್ಧವಾಗಿ ಕೊಟ್ಟನೆಂದು ಅದು ಕೇಳುತ್ತದೆ, ಯಾರಿಗಾಗಿ ಕೊಟ್ಟನೆಂದು ಕೇಳುವುದಿಲ್ಲ. 1941ರ ಡಿಸೆಂಬರ್ 8ರಂದು, ಮುನ್ನೂರೆಂಬತ್ತೆಂಟು ಮಂದಿ ಯುದ್ಧಕ್ಕೆ ಸಮ್ಮತಿಸಿದಾಗ ಒಬ್ಬಳೇ ಬೇಡವೆಂದ ಮೊಂಟಾನದ ಜೆನೆಟ್ ರ‍್ಯಾಂಕಿನ್ನಳ ವಿಷಯದಲ್ಲಿ ನನಗಿರುವ ಗೌರವ ಅಪಾರವಾದುದು. ಅಮೆರಿಕದ ಕಾಂಗ್ರೆಸ್ಸನ್ನು ಪ್ರವೇಶಿಸಿದ ಮೊದಲ ಹೆಂಗಸು ಆಕೆ, 1917ರಲ್ಲಿಯೂ ಯುದ್ಧ ಬೇಡವೆಂದೇ ಮತವಿತ್ತವಳು. ಆದರೂ ಶಾಸಕನೆಂಬವನ ಮುಖ್ಯ ಧರ್ಮ ಬೇಡವೆನ್ನುವುದಲ್ಲ, ಶಾಸನವನ್ನು ನಿರ್ಮಿಸುವುದು. ನಿರ್ಮಿಸಿದ ಶಾಸನ ನಿರ್ಬಲನ ಹೊಸ್ತಿಲವರೆಗೆ ನಡೆದು ಹೋಗುವಂತೆ ಅದಕ್ಕೆ ಕೈಕಾಲುಗಳನ್ನು ಕೊಡುವುದು, ಅದರ ಪರಿಣಾಮವಾಗಿ ತನ್ನ ವರ್ಗದವರ, ತನ್ನ ನೆಂಟರಿಷ್ಟರ, ತನ್ನ ಪಕ್ಷದ ಹಿರಿಯರ ಅಸಮಾಧಾನವನ್ನು ವರ್ಷಗಟ್ಟಲೆ ಹೊರುವುದು, ಇವು ಒಂದು ಮಧ್ಯಾಹ್ನದ ಮತದಾನಕ್ಕಿಂತ ಕಠಿನತರವಾದ ಕಾರ್ಯ. ಸ್ಟೀವನ್ಸನಿಗೆ ದಕ್ಕದೆ ಹೋದ ಆ ಕಾರ್ಯ ಒಂದು ಶತಮಾನದ ತರುವಾಯ ಕರ್ನಾಟಕದಲ್ಲಿ ತಕ್ಕಮಟ್ಟಿಗೆ ನೆರವೇರಿತು. ಅದನ್ನು ನೆರವೇರಿಸಿದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು.

ಕಲ್ಲಹಳ್ಳಿ ಸಾಮಾನ್ಯವಾದ ಊರಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಆಳಿದ ಮೂರನೆಯ ಮಂಗರಸ ಜೈನಕಾವ್ಯಗಳನ್ನು ರಚಿಸಿದನಲ್ಲದೆ ಪಾಕವಿದ್ಯೆಯ ಮೇಲೆ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೂ ಬರೆದನೆಂಬುದು ಕನ್ನಡ ಸಾಹಿತ್ಯವನ್ನು ಬಲ್ಲವರಿಗೆಲ್ಲ ತಿಳಿದದ್ದೇ. ಆ ಊರಿನ ಅರಸು ಮನೆತನದಲ್ಲಿ 1915ರ ಆಗಸ್ಟ್ 20ರಂದು ಜನಿಸಿದ ದೇವರಾಜ ಅರಸರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದು, ಸರ್ಕಾರದ ನೌಕರಿಯನ್ನು ಅರಸದೆ ಊರಿಗೆ ಹಿಂದಿರುಗಿ ಬೇಸಾಯಕ್ಕೆ ತೊಡಗಿದರು. ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. 1952ರ ಮೊದಲ ಮಹಾಚುನಾವಣೆಯಿಂದ ಹಿಡಿದು ಹುಣಸೂರನ್ನು ಪ್ರತಿನಿಧಿಸಿದರು. ಮೈಸೂರಿನ ರಾಜವಂಶದೊಡನೆ ಸಂಬಂಧವುಳ್ಳ, ಸಂಖ್ಯೆಯಲ್ಲಿ ಅತ್ಯಲ್ಪವಾದ, ಭೂಮಿಯುಳ್ಳ ಜನಾಂಗ ಅವರದು. ಎಂದರೆ ಸಂಖ್ಯಾಬಲದಿಂದ ಅಧಿಕಾರಕ್ಕೆ ಬರುವ ಹಾದಿ ಅವರಿಗೆ ತೆರೆದಿರಲಿಲ್ಲ. ಭೂಸುಧಾರಣೆಯಿಂದ ವೈಯಕ್ತಿಕವಾಗಿ ಪಡೆಯುವಂಥದೂ ಏನೂ ಇರಲಿಲ್ಲ.

1969ರಲ್ಲಿ ಕಾಂಗ್ರೆಸ್ಸು ಒಡೆದಾಗ ಕರ್ನಾಟಕದ ಹಿರಿಯ ನಾಯಕರಲ್ಲಿ ಬಹುಮಂದಿ ನಿಜಲಿಂಗಪ್ಪನವರ ಕಡೆಗೆ ನಿಂತರು. ಅವರ ಮಂತ್ರಿಮಂಡಲದಲ್ಲಿ ಕೆಲಸ ಮಾಡಿದ್ದ ಅರಸರು ಇಂದಿರಾಗಾಂಧಿಯವರ ಕಡೆಗೆ ಹೋದರು. ಆ ಹೆಜ್ಜೆಯಲ್ಲಿ ಲೆಕ್ಕಾಚಾರವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ 1971ರ ಲೋಕಸಭೆಯ ಚುನಾವಣೆಯಲ್ಲಿ ರಾಜ್ಯದ ಇಪ್ಪತ್ತೇಳು ಸ್ಥಾನಗಳೂ ಅವರ ಪಕ್ಷಕ್ಕೆ ಬಂದು, 1972ರ ಮಾರ್ಚಿನಲ್ಲಿ ಅವರು ಮುಖ್ಯಮಂತ್ರಿಗಳಾದ ಮೇಲೆ, ಆ ಅಧಿಕಾರದಿಂದ ಏನು ಮಾಡಿದರೆಂಬುದೇ ಇಲ್ಲಿ ವಿಚಾರಾರ್ಹವಾದುದು.

ಗೇಣಿಯ ಪ್ರಶ್ನೆ ಅವರು ಹುಟ್ಟಿಸಿದ್ದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಧಣಿಗಳ ವಿರುದ್ಧ ಸತ್ಯಾಗ್ರಹ ಹೂಡಿದಾಗ ಎಚ್. ಗಣಪತಿಯಪ್ಪನವರು ಅದನ್ನು ಸಂಘಟಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ಆ ಹೋರಾಟದ ಬಲದಿಂದಲೇ ಶಾಂತವೇರಿ ಗೋಪಾಲಗೌಡರು ಮರುವರ್ಷ ವಿಧಾನಸಭೆಗೆ ಬಂದು, ಎರಡು ದಶಕಗಳ ಕಾಲ ಗೇಣಿದಾರರ ಪರವಾಗಿ ನುಡಿದರು. ಕಡಿದಾಳ್ ಮಂಜಪ್ಪನವರು ಸರ್ಕಾರದ ಒಳಗಿದ್ದುಕೊಂಡೇ ಗೇಣಿಯ ಶಾಸನಕ್ಕಾಗಿ ಶ್ರಮಿಸಿದರು. ಬಿ. ಡಿ. ಜತ್ತಿಯವರ ಸಮಿತಿಯ ವರದಿಯ ಆಧಾರದ ಮೇಲೆ ರೂಪುಗೊಂಡ 1961ರ ಭೂಸುಧಾರಣಾ ಶಾಸನ 1965ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಆದರೆ ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಅದು ಧಣಿಗಳಿಗೆ ಉಳಿಸಿತ್ತು. ತಲೆತಲಾಂತರದಿಂದ ಉತ್ತವನು, ತಾನು ಗೇಣಿದಾರನೆಂದು ರುಜುವಾತುಪಡಿಸಲು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗಿದ್ದಿತು; ಅಲ್ಲಿ ಕೇಳುತ್ತಿದ್ದುದು ರಸೀದಿಯನ್ನು. ಅಕ್ಷರವನ್ನರಿಯದ ಒಕ್ಕಲು ಭತ್ತವನ್ನು ಅಳೆದುಕೊಟ್ಟು ಬಂದಾಗ ಯಾವ ಧಣಿಯ ಮನೆಯಲ್ಲಿ ರಸೀದಿ ಬರೆದುಕೊಡುತ್ತಿದ್ದರು? ಗೋಪಾಲಗೌಡರು 1972ರ ಜೂನ್ 9ರಂದು, ಅರಸರು ಅಧಿಕಾರಕ್ಕೆ ಬಂದ ಮೂರು ತಿಂಗಳೊಳಗೆ, ತೀರಿಕೊಂಡರು. ತಾವು ವಿರೋಧಪಕ್ಷದ ಬೆಂಚಿನಿಂದ ಕೂಗಿ ಹೇಳಿದ್ದುದು ಶಾಸನವಾಗುವುದನ್ನು ಅವರು ಕಾಣಲಿಲ್ಲ.

1974ನೆಯ ಇಸವಿಯ ಒಂದನೆಯ ಅಧಿನಿಯಮವಾಗಿ ಬಂದ ತಿದ್ದುಪಡಿಯ ಮಹತ್ತ್ವವನ್ನು ಅರಿಯಬೇಕಾದರೆ ಅದರ ಯಂತ್ರರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಎಲ್ಲ ಪಕ್ಷದವರೂ ಎಲ್ಲ ವೇದಿಕೆಗಳಿಂದಲೂ ಕೂಗಿದ್ದರು. ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿದ್ದುದು ಇಷ್ಟು: 1974ರ ಮಾರ್ಚ್ 1ರಂದು ಗೇಣಿಯ ಮೇಲೆ ಸಾಗುವಳಿಯಾಗುತ್ತಿದ್ದ ಸಮಸ್ತ ಭೂಮಿಯೂ ಅಂದಿನಿಂದಲೇ ಸರ್ಕಾರದಲ್ಲಿ ನಿಹಿತವಾಯಿತು. ಎಂದರೆ, ಗೇಣಿದಾರನು ಧಣಿಯ ಕೈಯಿಂದ ಭೂಮಿಯನ್ನು ಕಿತ್ತುಕೊಳ್ಳಬೇಕಾದ ಪ್ರಮೇಯವೇ ಉಳಿಯಲಿಲ್ಲ. ಧಣಿಗೂ ಒಕ್ಕಲಿಗೂ ನಡುವೆ ಸರ್ಕಾರವೇ ಬಂದು ನಿಂತಿತು. ಒಕ್ಕಲು ಮಾಡಬೇಕಾಗಿದ್ದುದು ಏಳನೆಯ ನಮೂನೆಯ ಒಂದು ಅರ್ಜಿಯನ್ನು ತುಂಬಿಸಿ ಕೊಡುವುದು. ಆ ಅರ್ಜಿಯನ್ನು ವಿಚಾರಿಸಲು ತಾಲ್ಲೂಕಿಗೊಂದು ಭೂನ್ಯಾಯಮಂಡಲಿಯನ್ನು ಸ್ಥಾಪಿಸಿದರು. ಅಸಿಸ್ಟೆಂಟ್ ಕಮಿಷನರು ಅದರ ಅಧ್ಯಕ್ಷ; ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿರಬೇಕು. ಸಿವಿಲ್ ನ್ಯಾಯಾಲಯಗಳಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲ. ಮಂಡಲಿಯ ಮುಂದೆ ವಕೀಲರು ಬರುವಂತಿಲ್ಲ. ಪಹಣಿಯನ್ನು ನೋಡುವರು, ನೆರೆಹೊಲದವನನ್ನು ಕೇಳುವರು, ತೀರ್ಪು ಕೊಡುವರು.

ಈ ಏರ್ಪಾಡನ್ನು ನ್ಯಾಯಶಾಸ್ತ್ರವನ್ನು ಬಲ್ಲ ಅನೇಕರು ಆಕ್ಷೇಪಿಸಿದರು, ಮತ್ತು ಅವರ ಆಕ್ಷೇಪಣೆ ನಿರಾಧಾರವಾದುದೇನೂ ಅಲ್ಲ. ಆಳುವ ಪಕ್ಷದವರೇ ತುಂಬಿಕೊಂಡ ಮಂಡಲಿ, ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು, ವಕೀಲನಿಲ್ಲದ ವಿಚಾರಣೆ, ಇವುಗಳಿಂದ ಅನ್ಯಾಯವಾದ ಸಂದರ್ಭಗಳೂ ಇದ್ದವು. ಸಾವಿರಾರು ಪ್ರಕರಣಗಳು ರಿಟ್ ಅರ್ಜಿಗಳಾಗಿ ಉಚ್ಚ ನ್ಯಾಯಾಲಯಕ್ಕೆ ಹೋದವು. ವಕೀಲರನ್ನು ಹೊರಗಿಟ್ಟ ಕಲಮನ್ನು ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಅಸಿಂಧುವೆಂದು ಸಾರಿತು. ಆದರೆ ಶಾಸನದ ಕರ್ತೃಗಳು ಏಕೆ ಹಾಗೆ ಮಾಡಿದರೆಂಬುದನ್ನು ನಾವು ಮರೆಯಕೂಡದು. ವಿವಾದದ ಒಂದು ಪಕ್ಷದವನಿಗೆ ಮೈಸೂರಿನ ಅತ್ಯುತ್ತಮ ವಕೀಲನನ್ನು ನೇಮಿಸಿಕೊಳ್ಳುವ ಶಕ್ತಿಯಿದ್ದು, ಇನ್ನೊಂದು ಪಕ್ಷದವನಿಗೆ ಬಸ್ಸಿನ ಚಾರ್ಜಿಗೂ ತತ್ವಾರವಿರುವಲ್ಲಿ, ಇಬ್ಬರಿಗೂ ಸಮಾನವಾದ ವಿಧಿಯನ್ನು ವಿಧಿಸುವುದು ಸಮಾನತೆಯನ್ನು ಕೊಡುವುದಲ್ಲ. ಈ ಸತ್ಯವನ್ನು ಬಾಯಲ್ಲಿ ಒಪ್ಪುವವರು ಬಹಳ. ಅದನ್ನು ಕಲಮುಗಳಾಗಿ ಬರೆದು, ನ್ಯಾಯವಾದಿಗಳ ಇಡೀ ವರ್ಗದ ಕೋಪವನ್ನು ಎದುರುಗೊಂಡು ಜಾರಿಗೆ ತಂದವರು ವಿರಳ. ಅರ್ಜಿ ಸಲ್ಲಿಸುವ ಗಡುವನ್ನು ಮತ್ತೆ ಮತ್ತೆ ಮುಂದೂಡಿ 1979ರ ಜೂನ್ 30ರವರೆಗೆ ವಿಸ್ತರಿಸಿದರು. ಧಣಿಯ ಮುಖ ನೋಡಿ ಹಿಂಜರಿದ ಒಕ್ಕಲಿಗೆ ಧೈರ್ಯ ಬರಲು ಕಾಲಾವಕಾಶ ಬೇಕೆಂಬುದನ್ನು ಅರಿತವರು ಮಾತ್ರ ಮಾಡಬಹುದಾದ ಕೆಲಸವದು. ಬಂದ ಅರ್ಜಿಗಳು ಸುಮಾರು ಎಂಟು ಲಕ್ಷ.

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಈ ಶಾಸನದ ಫಲ ಅತಿಶಯವಾಗಿ ದೊರೆತದ್ದು ಹುಣಸೂರಿನಲ್ಲಲ್ಲ. ನಮ್ಮ ಸೀಮೆಯಲ್ಲಿ, ಹಾರನಹಳ್ಳಿ ಹೋಬಳಿಯಲ್ಲಾಗಲಿ ರಾವಂದೂರಿನ ಕಡೆಯಲ್ಲಾಗಲಿ, ಸಣ್ಣ ಹಿಡುವಳಿಯ ರೈತರೇ ಹೆಚ್ಚು. ವಾರಕ್ಕೆ ಮಾಡುವುದು, ಗುತ್ತಿಗೆಗೆ ಮಾಡುವುದು ಇದ್ದರೂ ಇಡೀ ಊರಿಗೆ ಊರೇ ಒಬ್ಬ ಧಣಿಯ ಒಕ್ಕಲಾಗಿರುವ ಪರಿಸ್ಥಿತಿ ಅಪೂರ್ವ. ಅದು ಇದ್ದುದು ದಕ್ಷಿಣಕನ್ನಡದಲ್ಲಿ, ಉತ್ತರಕನ್ನಡದಲ್ಲಿ, ಶಿವಮೊಗ್ಗದ ಮಲೆನಾಡಿನಲ್ಲಿ: ಮೂಲಗೇಣಿ ಚಾಲಗೇಣಿಗಳ ನಾಡಿನಲ್ಲಿ, ಅಡಿಕೆ ಭತ್ತಗಳ ನಾಡಿನಲ್ಲಿ. ಅರ್ಜಿಗಳಲ್ಲಿ ದೊಡ್ಡ ಪಾಲು ಬಂದದ್ದು ಅಲ್ಲಿಂದ. ಹಕ್ಕುಪತ್ರಗಳಲ್ಲಿ ದೊಡ್ಡ ಪಾಲು ಹೋದದ್ದೂ ಅಲ್ಲಿಗೆ. ಆ ಭಾಗದಲ್ಲಿ ಕಾರ್ಯವನ್ನು ಮುನ್ನಡೆಸಿದವರಲ್ಲಿ ಒಬ್ಬರಾದ, ಸುರತ್ಕಲ್ಲಿನಿಂದ ಆರಿಸಿ ಬಂದು ಅರಸರ ಸಂಪುಟದಲ್ಲಿ ಭೂಸುಧಾರಣೆಯ ಹೊಣೆ ಹೊತ್ತ ಬಿ. ಸುಬ್ಬಯ್ಯ ಶೆಟ್ಟರು ಭೂಮಿಯುಳ್ಳ ಸಮಾಜಕ್ಕೆ ಸೇರಿದವರೇ. ಕೆನಡಿಯವರ ಚಿತ್ರದಲ್ಲಿ ಶಾಸಕನಿಗೂ ಅವನ ಕ್ಷೇತ್ರದ ಜನಕ್ಕೂ ನಡುವಣ ದ್ವಂದ್ವವೇ ಧೈರ್ಯದ ರಂಗಸ್ಥಳ. ಕ್ಷೇತ್ರದ ಆಚೆಗಿನವನು ಅಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ತನಗೆ ಎಂದೂ ಮತ ಕೊಡದ, ತನ್ನ ಭಾಷೆಯ ಬಳಕೆಯೂ ತನ್ನ ಊರಿನ ಬೆಳೆಯೂ ಬೇರೆಯಾದ ದೂರದ ಕಡಲಂಚಿನ ಒಕ್ಕಲಿಗಾಗಿ ತನ್ನ ಅಧಿಕಾರವನ್ನು ಪಣಕ್ಕಿಡುವುದನ್ನು ನಾವು ಯಾವ ಕೋಲಿನಿಂದ ಅಳೆಯೋಣ?

ಹಿಂದುಳಿದ ವರ್ಗಗಳ ಪ್ರಶ್ನೆಯಲ್ಲಿಯೂ ಅವರು ಹಿಡಿದ ಕ್ರಮ ಇಂಥದೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದಂದಿನಿಂದ ಇದ್ದ ಪ್ರಶ್ನೆಯದು. ಸ್ವಾತಂತ್ರ್ಯಾನಂತರ ನಾಗನಗೌಡ ಸಮಿತಿಯ ಆಧಾರದ ಮೇಲೆ ಹೊರಡಿಸಿದ ಆಜ್ಞೆಯನ್ನು ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ್ದಿತು. ಆದುದರಿಂದ ಅರಸರು ಆಜ್ಞೆಯೊಂದನ್ನು ಅವಸರದಿಂದ ಹೊರಡಿಸದೆ, 1972ರ ಆಗಸ್ಟಿನಲ್ಲಿ ರಾಣೆಬೆನ್ನೂರಿನ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿದರು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾವ ಯಾವ ಸಮುದಾಯದ ಮಕ್ಕಳು ಎಷ್ಟೆಷ್ಟು ಮಂದಿ ತೇರ್ಗಡೆಯಾದರು, ಸರ್ಕಾರದ ನೌಕರಿಯಲ್ಲಿ ಯಾರು ಎಷ್ಟಿದ್ದಾರೆ ಎಂದು ಎಣಿಸಿ ಲೆಕ್ಕವಿಟ್ಟು, ಆಯೋಗ 1975ರ ನವೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ರಾಜ್ಯದ ರಾಜಕಾರಣದಲ್ಲಿ ಅತ್ಯಂತ ಪ್ರಬಲವಾದ ಲಿಂಗಾಯತ ಸಮುದಾಯವನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟ ಆ ವರದಿಯ ಮೇಲೆ ಎದ್ದ ಬಿರುಗಾಳಿಯನ್ನು ಕಂಡವರು ಈಗಲೂ ಇದ್ದಾರೆ. 1977ರ ಫೆಬ್ರವರಿ 22ರಂದು ಅದನ್ನು ಕೆಲವು ಬದಲಾವಣೆಗಳೊಡನೆ ಜಾರಿಗೊಳಿಸುವ ಆಜ್ಞೆ ಹೊರಟಿತು. ಮಡಿವಾಳರ, ಕುಂಬಾರರ, ಈಡಿಗರ, ಗಂಗಾಮತಸ್ಥರ ಮನೆಗಳಿಂದ ಶಾಸಕರೂ ಅಧಿಕಾರಿಗಳೂ ಬರುವುದು ಇಂದು ನಮಗೆ ಆಶ್ಚರ್ಯವೆನಿಸುವುದಿಲ್ಲ. ಹಾಗೆನಿಸದಿರುವುದೇ ಆ ಆಜ್ಞೆ ಮಾಡಿದ ಕೆಲಸದ ಸಾಕ್ಷಿ.

ಧೈರ್ಯವಂತರೆಂದು ಒಬ್ಬರನ್ನು ಕೊಂಡಾಡುವಾಗ ಅವರ ಅಂಜಿಕೆಯನ್ನೂ ಹೇಳಬೇಕಾದ ಹೊಣೆ ಬರೆಯುವವನ ಮೇಲಿದೆ. ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮನುಷ್ಯನ ತಲೆಯ ಮೇಲೆ ಮನುಷ್ಯನ ಮಲವನ್ನು ಹೊರಿಸುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ. ಶತಮಾನಗಳ ಹೇಯವನ್ನು ಒಂದು ಆಜ್ಞೆಯಿಂದ ತಡೆದ ಆ ಕಾರ್ಯವೊಂದೇ ಅವರ ಹೆಸರನ್ನು ಉಳಿಸಲು ಸಾಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚೆಂದು ಅವರು ಅಂದದ್ದಕ್ಕೆ ರಾಜ್ಯಾದ್ಯಂತ ಗಲಭೆಯೆದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದು, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ಮುಂದೆ ಅವರು ಸಂಪುಟಕ್ಕೆ ಮರಳಿದರೆಂಬುದು ನಿಜ. ಆದರೆ ಗಾಳಿ ಬೀಸಿದಾಗ ಮುಖ್ಯಮಂತ್ರಿ ಅವರ ಬೆನ್ನಿಗೆ ನಿಲ್ಲಲಿಲ್ಲ. ಧಣಿಗಳನ್ನು ಎದುರಿಸಿದವರಿಗೆ ಸಾಹಿತ್ಯಾಭಿಮಾನದ ಬೀದಿಯ ಗುಂಪನ್ನು ಎದುರಿಸಲಾಗಲಿಲ್ಲವೆಂಬುದನ್ನು ನೆನೆದಾಗ ನನಗೆ ಇಂದಿಗೂ ಖೇದವಾಗುತ್ತದೆ.

ತುರ್ತುಪರಿಸ್ಥಿತಿಯ ವಿಷಯವಂತೂ ಇನ್ನೂ ಗುರುತರವಾದುದು. 1975ರ ಜೂನಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಸೆರೆಯಾದದ್ದು ಬೆಂಗಳೂರಿನಲ್ಲಿ. ‘ಸಂಸ್ಕಾರ’ ಚಲನಚಿತ್ರದಲ್ಲಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರು ಆಸ್ತಮಾ ರೋಗದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಮೃತರಾದರು. ಆ ಸೆರೆಮನೆ ಅರಸರ ಸರ್ಕಾರದ್ದು. ಬೇರೆ ರಾಜ್ಯಗಳಿಗಿಂತ ಕರ್ನಾಟಕದಲ್ಲಿ ಕ್ರೌರ್ಯ ಕಡಿಮೆಯೆಂದು ಹೇಳಿ ಇದನ್ನು ಮುಚ್ಚುವುದು ಸಲ್ಲದು. ದೆಹಲಿಯಿಂದ ಬಂದ ಬಲವನ್ನು ನೆಚ್ಚಿ ದುರ್ಬಲರಿಗೆ ಭೂಮಿಯನ್ನು ಕೊಡಿಸಿದ ಮನುಷ್ಯನಿಗೆ, ಅದೇ ಬಲ ದುರ್ಬಲಳೊಬ್ಬಳನ್ನು ಹಿಂಡುತ್ತಿದ್ದಾಗ ಎದ್ದು ನಿಲ್ಲುವ ಶಕ್ತಿ ಇಲ್ಲದೆಹೋಯಿತು. ಭೂಸುಧಾರಣೆಯೇ ತುರ್ತುಪರಿಸ್ಥಿತಿಯ ಕೂಸೆಂದು ವಾದಿಸುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಶಾಸನ ಬಂದದ್ದು ಅದಕ್ಕೆ ಮುಂಚೆ, ತೆರೆದ ಸಭೆಯಲ್ಲಿ ಚರ್ಚೆಗೊಂಡು. 1977ರಲ್ಲಿ ಉತ್ತರಭಾರತದಲ್ಲೆಲ್ಲ ಕಾಂಗ್ರೆಸ್ಸು ಕೊಚ್ಚಿಹೋದ ಮೇಲೆಯೂ, ಅರಸರ ಮೇಲಿನ ಆಪಾದನೆಗಳ ಬಗೆಗೆ ಗ್ರೋವರ್ ಆಯೋಗದ ವಿಚಾರಣೆ ತಲೆಯ ಮೇಲಿದ್ದಾಗಲೂ, 1978ರ ಫೆಬ್ರವರಿಯ ಚುನಾವಣೆಯಲ್ಲಿ ಕರ್ನಾಟಕದ ಜನ ಅರಸರನ್ನು ಬಹುಮತದಿಂದ ಮರಳಿ ಕಳುಹಿಸಿದರು. ಭಯದಿಂದ ಪಡೆದ ಸುಧಾರಣೆಯಾಗಿದ್ದರೆ ಭಯ ತೊಲಗಿದ ಮೇಲೆ ಜನ ಅದನ್ನು ಸಮರ್ಥಿಸುತ್ತಿರಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಇಂದಿರಾಗಾಂಧಿಯವರನ್ನು ಲೋಕಸಭೆಗೆ ಗೆಲ್ಲಿಸಿ ಕಳುಹಿಸಿದ ಅರಸರೇ ಮರುವರ್ಷ ಅವರಿಂದ ಬೇರೆಯಾದರು. 1980ರ ಜನವರಿಯ ಚುನಾವಣೆಯಲ್ಲಿ ರಾಜ್ಯದ ಇಪ್ಪತ್ತೆಂಟರಲ್ಲಿ ಇಪ್ಪತ್ತೇಳು ಸ್ಥಾನಗಳನ್ನು ಇಂದಿರಾ ಕಾಂಗ್ರೆಸ್ಸು ಗೆದ್ದಿತು; ಅರಸರ ಪಕ್ಷಕ್ಕೆ ಒಂದೂ ಬರಲಿಲ್ಲ; ಅವರು ರಾಜೀನಾಮೆಯಿತ್ತರು. 1982ರ ಜೂನ್ 6ರಂದು ಕಾಲವಾದರು. ಅವರ ಕೈಯಿಂದ ಹಕ್ಕುಪತ್ರ ಪಡೆದವರೇ ಅವರ ವಿರುದ್ಧ ಮತ ಹಾಕಿದರೆಂದು ಕೆಲವರು ಕೃತಘ್ನತೆಯ ಮಾತನ್ನಾಡುತ್ತಾರೆ. ನಾನು ಅದನ್ನು ಹಾಗೆ ಕಾಣಲಾರೆ. ಧಣಿ ಹೇಳಿದ ಗುರುತಿಗೆ ಮತ ಹಾಕುತ್ತಿದ್ದ ಒಕ್ಕಲು, ಭೂಮಿ ಕೊಡಿಸಿದ ಮುಖ್ಯಮಂತ್ರಿ ಹೇಳಿದ ಗುರುತಿಗೂ ಮತ ಹಾಕದಷ್ಟು ಸ್ವತಂತ್ರನಾದನೆಂದರೆ ಶಾಸನ ತನ್ನ ಕೆಲಸವನ್ನು ಮಾಡಿತೆಂದೇ ಅರ್ಥ.

ಆದರೆ ಆ ಶಾಸನ ಯಾರನ್ನು ಮುಟ್ಟಲಿಲ್ಲವೆಂಬುದೂ ಲೆಕ್ಕಕ್ಕೆ ಬರಬೇಕು. ಗೇಣಿದಾರನಿಗೆ ಭೂಮಿ ಬಂದಿತು. ಗೇಣಿದಾರನ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಬರಲಿಲ್ಲ. ಭೂಮಿತಿಗೆ ಮೀರಿದ ಹಿಡುವಳಿಯಿಂದ ಭೂಹೀನರಿಗೆ ದೊರೆತದ್ದು ಗೇಣಿಯ ಭೂಮಿಯ ಮುಂದೆ ಅತ್ಯಲ್ಪ. ಗಂಡನನ್ನು ಕಳೆದುಕೊಂಡು ಎರಡೆಕರೆ ಗದ್ದೆಯನ್ನು ವಾರಕ್ಕೆ ಕೊಟ್ಟು ಜೀವನ ಸಾಗಿಸುತ್ತಿದ್ದ ಹೆಂಗಸನ್ನೂ ನೂರಾರು ಎಕರೆಯ ಧಣಿಯನ್ನೂ ಅದು ಸಾಕಷ್ಟು ಬೇರ್ಪಡಿಸಿ ನೋಡಲಿಲ್ಲ. ಅಂಥ ಕುಟುಂಬಗಳ ನೋವು ಅನೇಕ ಅಗ್ರಹಾರಗಳ ನೆನಪಿನಲ್ಲಿ ಇಂದಿಗೂ ಇದೆ, ಮತ್ತು ಅದನ್ನು ಪ್ರಗತಿವಿರೋಧದ ಗೊಣಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅರಸರ ಸ್ವಂತ ಸೀಮೆಯಾದ ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿದ್ದ ಜೇನುಕುರುಬರಿಗೂ ಕಾಡುಕುರುಬರಿಗೂ ಆ ಶಾಸನದಲ್ಲಿ ಸ್ಥಳವೇ ಇರಲಿಲ್ಲ. ಅವರಿಗೆ ಧಣಿಯಿರಲಿಲ್ಲ, ಗೇಣಿಯಿರಲಿಲ್ಲ, ಪಹಣಿಯಲ್ಲಿ ಹೆಸರಿರಲಿಲ್ಲ. ಏಳನೆಯ ನಮೂನೆಯಲ್ಲಿ ಅವರು ತುಂಬಿಸಬಹುದಾದ ಅಂಕಣವಿರಲಿಲ್ಲ. ಒಕ್ಕಲಿಗೆ ಹಕ್ಕು ಕೊಟ್ಟ ಅದೇ 1974ರಲ್ಲಿ ಕಬಿನಿಯ ಜಲಾಶಯ ಪೂರ್ಣಗೊಂಡು ಅವರ ನೆಲೆಗಳು ಮುಳುಗಿದವು. ನಾಗರಹೊಳೆಯನ್ನು ವನ್ಯಧಾಮವಾಗಿ, ತರುವಾಯ ರಾಷ್ಟ್ರೀಯ ಉದ್ಯಾನವಾಗಿ ಬೆಳೆಸುತ್ತ ಹೋದ ದಶಕಗಳಲ್ಲಿ ಕುಟುಂಬ ಕುಟುಂಬಗಳೇ ಹಾಡಿಗಳನ್ನು ಬಿಟ್ಟು ಹೊರಬಂದವು. ಉಚ್ಚ ನ್ಯಾಯಾಲಯದ ಆದೇಶದಂತೆ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿ 2014ರಲ್ಲಿ ಒಪ್ಪಿಸಿದ ವರದಿಯಲ್ಲಿ, ಹೀಗೆ ಹೊರಬಿದ್ದು ಪುನರ್ವಸತಿಗೆ ಅರ್ಹರಾದ ಕುಟುಂಬಗಳ ಸಂಖ್ಯೆ 3418.

ಈಗ ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವಿದೆ. 2020ರಲ್ಲಿ, ಮೊದಲು ಸುಗ್ರೀವಾಜ್ಞೆಯ ಮೂಲಕವೂ ತರುವಾಯ ಉಭಯಸದನಗಳಲ್ಲಿಯೂ, ಭೂಸುಧಾರಣಾ ಶಾಸನದ 79ಎ, 79ಬಿ ಕಲಮುಗಳನ್ನು ರದ್ದುಪಡಿಸಿ, ಕೃಷಿಕರಲ್ಲದವರೂ ವ್ಯವಸಾಯದ ಭೂಮಿಯನ್ನು ಕೊಳ್ಳಲು ದಾರಿಮಾಡಿಕೊಟ್ಟರು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಕೆಲವು ವಿಚಾರಯೋಗ್ಯವಾದವು. ಆ ಕಲಮುಗಳು ಲಂಚಕ್ಕೆ ಹಾದಿಯಾಗಿದ್ದವೆಂಬುದು ಸುಳ್ಳಲ್ಲ. ಆದರೆ ಅರ್ಧ ಶತಮಾನದ ಹಿಂದೆ ಕಟ್ಟಿದ್ದ ಒಡ್ಡನ್ನು ತೆಗೆಯುವಾಗ, ತಂಬಾಕಿನ ಬ್ಯಾರನ್ನಿನ ಸಾಲದಲ್ಲಿ ಮುಳುಗಿದ ಪಿರಿಯಾಪಟ್ಟಣದ ಎರಡೆಕರೆಯ ರೈತ ಬೆಂಗಳೂರಿನ ಹಣದ ಎದುರು ಯಾವ ಬಲದಿಂದ ನಿಲ್ಲಬೇಕೆಂಬ ಪ್ರಶ್ನೆಗೆ ಸದನದಲ್ಲಿ ಸಮರ್ಪಕವಾದ ಉತ್ತರ ಬರಲಿಲ್ಲ. ಅವನಿಗೆ ಕೈಕಾಲು ಕೊಡುವ ಹೊಸ ನ್ಯಾಯಮಂಡಲಿ ಯಾವುದೂ ಆ ಮಸೂದೆಯೊಡನೆ ಹುಟ್ಟಲಿಲ್ಲ.

ಕಾಡಂಚಿನವರ ವಿಷಯದಲ್ಲಾದರೋ ಶಾಸನದ ಕೊರತೆಯಿಲ್ಲ. ಕೊರತೆಯಿರುವುದು ಅದರ ಕೈಕಾಲುಗಳಲ್ಲಿ. 2006ರ ಅರಣ್ಯಹಕ್ಕುಗಳ ಶಾಸನ ಗ್ರಾಮಸಭೆಗೆ ಕೊಟ್ಟ ಅಧಿಕಾರ, 1974ರಲ್ಲಿ ಭೂನ್ಯಾಯಮಂಡಲಿಗೆ ಕೊಟ್ಟ ಅಧಿಕಾರಕ್ಕೆ ತತ್ತ್ವತಃ ಕಡಿಮೆಯಾದುದಲ್ಲ: ಅಲ್ಲಿಯೂ ನೆರೆಯವನ ಮಾತಿಗೆ ಬೆಲೆಯುಂಟು, ಹಿರಿಯರ ಹೇಳಿಕೆ ಸಾಕ್ಷ್ಯವಾಗುವುದುಂಟು, ಗೋರಿಗಳೂ ದೇವರ ಬನಗಳೂ ವಾಸ್ತವ್ಯದ ಗುರುತಾಗುವುದುಂಟು. ಇಲ್ಲದಿರುವುದು, ಗಡುವು ಮುಗಿದರೆ ಗಡುವನ್ನು ಮುಂದೂಡಿ, ಅಧಿಕಾರಿ ಹಿಂಜರಿದರೆ ಅಧಿಕಾರಿಯನ್ನು ಬದಲಿಸಿ, ವಾರಕ್ಕೊಮ್ಮೆ ವಿಚಾರಣೆ ನಡೆಯುವಂತೆ ನೋಡಿಕೊಂಡು, ಅರಣ್ಯ ಇಲಾಖೆಯ ಅಸಮಾಧಾನವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವ ಶಾಸಕನು. ಹಾಡಿಗಳ ಮತಗಳು ಯಾವ ಕ್ಷೇತ್ರದ ಫಲಿತಾಂಶವನ್ನೂ ಬದಲಿಸುವಷ್ಟಿಲ್ಲ. ಅರಸರು ಮುಖ್ಯಮಂತ್ರಿಗಳಾದಾಗ ಕಡಲಂಚಿನ ಚಾಲಗೇಣಿಯ ಒಕ್ಕಲಿನ ಮತವೂ ಹುಣಸೂರಿನ ಫಲಿತಾಂಶವನ್ನು ಬದಲಿಸುವಂತಿರಲಿಲ್ಲ.